ಬೇವು ಹಚ್ಚಿದ ಬಾಣಂತನ

ನನ್ನ ಎರಡನೆಯ ಹೆರಿಗೆಗೆ ತಾರೀಖು ಗೊತ್ತಾಗಿತ್ತು. ಬೆಳಿಗ್ಗೆ ಎಂಟಕ್ಕೆ ಬಂದು ಮಲಗಬೇಕು, ಹತ್ತಕ್ಕೆ ಆಪರೇಷನ್ ಎಂದು ಬಳ್ಳಾರಿಯ ಡಾಕ್ಟರಮ್ಮ ಒಂದು ತಿಂಗಳು ಮೊದಲೇ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಎಪ್ಪತ್ತರ ದಶಕದ ಕೊನೆಯ ಮಾತು ಇದು. ಆಗ ಹೆರಿಗೆ ಎಂದರೆ ನೋವು ಬಂದಾಗ ಎದ್ದು ಓಡುವುದು. ತಾರೀಖು ಹಾಕಿಕೊಂಡು ಹೆರುವುದನ್ನು ಬ್ರೂಸ್‌ಪೇಟೆಯ ನಮ್ಮ ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ಎದುರುಮನೆಯ ಗೌರಮ್ಮ ನಳದ ಹತ್ತಿರ ಎಲ್ಲರಿಗೂ ಕೇಳುವಂತೆ ಹೇಳಿದಳು:

“ನೋಡ್ರೆವ್ವಾ, ಈಕಿ ಹಡಿಯಾಕ ಮುಹೂರ್ತ ಇಟ್ಕೊಂಡು ಹೊಂಟಾಳ. ಲಗ್ನಪತ್ರಿಕಿ ಹಂಚೋದು ಒಂದು ಬಾಕಿ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ನಗದೆ ಬೇರೇನು ಮಾಡಬೇಕಿತ್ತು?

ನಾನು ಆಗ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಟ್ರಂಕ್ ಕಾಲ್ ಜೋಡಿಸುವ ಕೆಲಸ. ಸಾವಿನ ಸುದ್ದಿ, ಆಸ್ತಿಯ ಜಗಳ, ಹೆಣ್ಣು ಒಪ್ಪಿದ ಖುಷಿ, ಎಲ್ಲವೂ ನನ್ನ ಕಿವಿಯ ಮೂಲಕವೇ ಹಾದುಹೋಗುತ್ತಿದ್ದವು. ನಡುವೆ ಬಾಯಿ ಹಾಕುವಂತಿರಲಿಲ್ಲ. ಮೂರು ನಿಮಿಷ ಮುಗಿದ ಕೂಡಲೇ, “ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?” ಎಂದು ಕೇಳಬೇಕು. ಅಳುತ್ತಿರುವವರನ್ನೂ ಅದೇ ದನಿಯಲ್ಲಿ ಕೇಳಬೇಕು. ಕೆಲಸದಿಂದ ನನಗೆ ಆ ಗುಣ ಬಂತೋ, ಆ ಗುಣ ಮೊದಲೇ ಇದ್ದದ್ದರಿಂದ ಕೆಲಸ ಒಗ್ಗಿತೋ ಹೇಳಲಾರೆ. ನನ್ನ ಕಷ್ಟವನ್ನೂ ನಾನು ಬೇರೆ ಯಾರದೋ ಲೈನಿನಲ್ಲಿ ಕೇಳಿದ ಹಾಗೆಯೇ ಕೇಳಿಸಿಕೊಳ್ಳುತ್ತೇನೆ. ಇದನ್ನೂ ಹಾಗೆಯೇ ಬರೆಯುತ್ತಿದ್ದೇನೆ, ಓದುವವರು ಬೇಸರ ಮಾಡಿಕೊಳ್ಳಬಾರದು.

ಇಷ್ಟು ವರ್ಷಗಳ ಮೇಲೆ ಬರೆಯಲು ಒಂದು ಕಾರಣವಿದೆ. ಮೊನ್ನೆ ಕಣ್ಣು ತೋರಿಸಲು ಹೋದ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕಕ್ಕೆ ಒಬ್ಬ ತುಂಬು ಬಸುರಿ ಕುಳಿತಿದ್ದಳು. ಅವಳಿಗೂ ಎರಡನೆಯದು, ಅವಳಿಗೂ ತಾರೀಖು ಕೊಟ್ಟಿದ್ದರು. “ಆಪರೇಷನ್ ಅಂಜಿಕಿ ಇಲ್ರಿ ನನಗ. ಮನ್ಯಾಗ ಇನ್ನೊಂದು ಸಣ್ಣದೈತಿ. ಅದಕ್ಕ ಏನಂತ ಹೇಳ್ಲಿ?” ಎಂದು ಕೇಳಿದಳು. ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳ ಹೆಸರು ಕೂಗಿದರು, ಎದ್ದು ಹೋದಳು. ಅವಳಿಗೆ ಹೇಳಬೇಕಾಗಿದ್ದದ್ದು ಇದು.

ನನ್ನ ಮೊದಲ ಮಗಳು ನೀಲಾ. ತವರೂರು ಸಿರುಗುಪ್ಪದಲ್ಲಿ ಎರಡು ದಿನ ನೋವು ತಿಂದು, ಕೊನೆಗೆ ಅಕ್ಕಿ ಗಿರಣಿಯವರ ಜೀಪಿನಲ್ಲಿ ನನ್ನನ್ನು ಬಳ್ಳಾರಿಗೆ ಹಾಕಿಕೊಂಡು ಬಂದು ಹೊಟ್ಟೆ ಕೊಯ್ದು ತೆಗೆದ ಕೂಸು ಅದು. ಹಾಗಾಗಿಯೇ ಎರಡನೆಯದಕ್ಕೆ ಡಾಕ್ಟರಮ್ಮ ಕಾಯಲು ಒಪ್ಪಲಿಲ್ಲ. ಆಪರೇಷನ್ನಿನ ಹೊತ್ತಿಗೆ ನೀಲಾಗೆ ಇನ್ನೂ ಎರಡು ತುಂಬಿರಲಿಲ್ಲ. ಮಾತು ಹತ್ತಿಪ್ಪತ್ತು ಬರುತ್ತಿದ್ದವು. ಅದರಲ್ಲಿ ದಿನಕ್ಕೆ ನೂರು ಸಲ ಆಡುತ್ತಿದ್ದ ಮಾತು “ಎತ್ಕೋ”.

ನಾನು ಎರಡನೆಯ ಬಸುರಿಯಾಗಿ ಆರು ತಿಂಗಳಾದರೂ ಅವಳು ಹಾಲು ಬಿಟ್ಟಿರಲಿಲ್ಲ. ನಾನು ಡ್ಯೂಟಿಯಿಂದ ಬಂದ ಕೂಡಲೇ ಸೀರೆಯ ಸೆರಗಿಗೆ ಕೈ ಹಾಕುತ್ತಿದ್ದಳು. ರಜೆಯಲ್ಲಿ ಕುರುಗೋಡಿಗೆ, ನನ್ನ ಗಂಡನ ಮನೆಗೆ ಹೋದಾಗ ಅತ್ತೆ ಪಾರ್ವತಮ್ಮ ಇದಕ್ಕೊಂದು ಗತಿ ಕಾಣಿಸಿದರು. ಹಿತ್ತಲಿನ ಬೇವಿನ ಚಿಗುರು ತಂದು ಕಲ್ಲಿನ ಮೇಲೆ ಅರೆದು, “ಹಚ್ಕೊ. ಮೂರು ದಿನಕ್ಕ ತಾನ ಬಿಡ್ತೈತಿ. ನಾ ಐದು ಮಂದಿಗೆ ಹಿಂಗ ಬಿಡಿಸೀನಿ” ಎಂದರು. ನಮ್ಮ ಕಡೆ ಮನೆಮನೆಯಲ್ಲೂ ಹೀಗೆಯೇ. ನಾನು ಹಚ್ಚಿಕೊಂಡೆ. ನೀಲಾ ಬಾಯಿ ಇಟ್ಟಳು, ಮುಖ ಕಿವಿಚಿದಳು, ನನ್ನ ಮುಖ ನೋಡಿದಳು. “ಕಹಿ” ಎಂದಳು. ಮೂರು ದಿನ ಅತ್ತಳು, ನಾಲ್ಕನೆಯ ದಿನ ಬಿಟ್ಟಳು. ಬಿಟ್ಟದ್ದು ಹಾಲನ್ನು ಮಾತ್ರ, ನನ್ನನ್ನಲ್ಲ. ಆಗ ಅಷ್ಟೇ ಆಯಿತು.

ಡಾಕ್ಟರಮ್ಮ ಕೊಟ್ಟ ತಾರೀಖನ್ನು ಅತ್ತೆ ಪಂಚಾಂಗ ಬಲ್ಲವರಿಗೆ ತೋರಿಸಿದರೆ ಅದು ಅಮಾವಾಸ್ಯೆ. ಒಂದು ದಿನ ಮುಂದೆ ಹಾಕಿಸಿಕೊಂಡು ಬಾ ಎಂದು ಮಗನನ್ನು ಅಟ್ಟಿದರು. ನನ್ನ ಗಂಡ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರರು. ಯಾರಿಗಾದರೂ ಏನಾದರೂ ಕೇಳಬೇಕೆಂದರೆ ಮೊದಲು ನಾಲ್ಕು ಸಲ ಕೆಮ್ಮುವ ಮನುಷ್ಯ. ಅವರು ಕೆಮ್ಮಿ ಮುಗಿಸುವವರೆಗೆ ಕಾದಿದ್ದ ಡಾಕ್ಟರಮ್ಮ, “ಅಮಾಸಿಗೆ ನಮ್ಮನ್ಯಾಗೂ ಹೋಳಿಗಿ ಮಾಡ್ತಾರ್ರಿ. ಮರುದಿನ ಬರ್ರಿ” ಎಂದು ನಕ್ಕು ತಾರೀಖು ತಿದ್ದಿದರು. ಹೀಗೆ ನನ್ನ ಮಗ ಒಂದು ದಿನ ತಡವಾಗಿ ಹುಟ್ಟಿದ.

ಹಿಂದಿನ ದಿನ ಇವರು ನೀಲಾಳನ್ನು ಕುರುಗೋಡಿಗೆ ಬಿಟ್ಟು ಬರಲು ಹೊರಟರು. ಬಸ್ ಸ್ಟ್ಯಾಂಡಿನವರೆಗೆ ನಾನೂ ಹೋದೆ. ಬಸ್ಸಿನ ಕಿಟಕಿಯಲ್ಲಿ ಕುಳಿತು ಅವಳು ಒಂದು ಬಿಸ್ಕೀಟು ತಿನ್ನುತ್ತಿದ್ದಳು, ನನ್ನ ಕಡೆ ನೋಡಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಸಾಯುವ ಹೆದರಿಕೆ ಎಲ್ಲರಿಗೂ ಇರುತ್ತದೆ. ನನ್ನದು ಅದಕ್ಕಿಂತ ಸಣ್ಣದು. ನಾನು ಟೇಬಲ್ಲಿನ ಮೇಲೆ ಸತ್ತರೆ ಈ ಹುಡುಗಿಗೆ ನನ್ನ ಮುಖವೂ ನೆನಪಿರುವುದಿಲ್ಲ ಎಂದು ಲೆಕ್ಕ ಹಾಕಿದೆ. ಬಸ್ಸು ಹೋಯಿತು. ಬರುವ ದಾರಿಯಲ್ಲಿ ಆಸ್ಪತ್ರೆಗೆ ಬೇಕಾದ ಹಳೆಯ ಸೀರೆಗಳನ್ನು ಕತ್ತರಿಸಲು ಒಂದು ಕತ್ತರಿ ಕೊಂಡೆ.

ಆಪರೇಷನ್ನಿನ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ವರಾಂಡದ ಬೆಂಚಿನ ಮೇಲೆ ಎಂಟರಿಂದ ಹನ್ನೊಂದೂವರೆಯವರೆಗೆ ಕೂರಿಸಿದರು. ನನ್ನ ಮುಂದೆ ಗೋಡೆಯ ಮೇಲೆ ಒಂದು ಗಡಿಯಾರ, ಅದು ನಿಂತುಹೋಗಿತ್ತು. ಬೆನ್ನಿಗೆ ಸೂಜಿ ಚುಚ್ಚಿದರು, ಕಾಲು ನನ್ನವಲ್ಲ ಎನ್ನುವಂತಾಯಿತು. ಯಾರೋ ಹೊಟ್ಟೆಯೊಳಗೆ ಕೈ ಹಾಕಿ ಸಾಮಾನು ಹುಡುಕಿದಂತೆ ಅನ್ನಿಸಿತು, ನೋವಿರಲಿಲ್ಲ. ಗಂಡು ಎಂದರು. ಅಳು ಕೇಳಿತು. ಬದುಕಿದ್ದೇನೆ ಎಂದು ಗೊತ್ತಾದದ್ದು ಬಾಯಾರಿಕೆಯಿಂದ.

ಒಂದು ದಿನವಿಡೀ ತಲೆ ಎತ್ತುವಂತಿಲ್ಲ, ನೀರು ಕುಡಿಯುವಂತಿಲ್ಲ. ವಾರ್ಡಿನ ಆಯಾ ಒಬ್ಬಾಕೆ, ಹೆಸರು ಈಗ ಮರೆತಿದ್ದೇನೆ, ತೆಲುಗು ಬೆರೆಸಿ ಮಾತಾಡುತ್ತಿದ್ದಳು, ಹತ್ತಿಯನ್ನು ನೀರಲ್ಲಿ ಅದ್ದಿ ತುಟಿಗೆ ಒತ್ತಿ ಒತ್ತಿ ಹೋಗುತ್ತಿದ್ದಳು. ಕೇಳದೇ ಮಾಡಿದಳು. ಆಮೇಲೆ ಎರಡು ದಿನ ಡಾಕ್ಟರಮ್ಮ, ಸಿಸ್ಟರ್, ನನ್ನ ಗಂಡ, ಎಲ್ಲರೂ ಕೇಳಿದ ಪ್ರಶ್ನೆ ಒಂದೇ: ಗಾಳಿ ಹೋಯಿತೇ? ಮದುವೆಯಾಗಿ ನಾಲ್ಕು ವರ್ಷದಲ್ಲಿ ನಾವು ಗಂಡ ಹೆಂಡತಿ ಇಷ್ಟು ಬಿಚ್ಚಿ ಮಾತಾಡಿದ್ದಿಲ್ಲ. ಮೂರನೆಯ ದಿನ ಹೋಯಿತು. ಇವರು ಕೆಮ್ಮದೇ ಇಡೀ ವಾರ್ಡಿಗೆ ಹೇಳಿದರು.

ಪಕ್ಕದ ಮಂಚದಲ್ಲಿ ಹಲಕುಂದಿಯ ಈರಮ್ಮ ಎಂಬವಳಿದ್ದಳು. ಅವಳದು ನಾಲ್ಕನೆಯದು. ಊರಿನ ಹೆಸರು ಕೇಳಿ ನಾನು, “ನಾನೂ ಹಲಕುಂದ್ಯಾಗ ಬೆಳದಾಕಿನ” ಎಂದೆ.

“ತವರು ಸಿರುಗುಪ್ಪ ಅಂದಿ?”

“ತವರು ಸಿರುಗುಪ್ಪನ. ಬೆಳದದ್ದು ಅಜ್ಜಿ ಮನ್ಯಾಗ.”

ಅವಳಿಗೆ ಮುಂದೆ ಹೇಳಬೇಕಾಗಲಿಲ್ಲ, ಅರ್ಥವಾಯಿತು. ನಮ್ಮ ಕಡೆಯ ರೂಢಿ ಅದು. ಎರಡನೆಯ ಕೂಸು ಹುಟ್ಟಿದಾಗ ದೊಡ್ಡ ಕೂಸನ್ನು ತಾಯಿಯ ತಾಯಿ ಒಯ್ಯುತ್ತಾಳೆ. ಬಾಣಂತನ ಮುಗಿಯುವವರೆಗೆ ಎಂದು ಒಯ್ಯುತ್ತಾರೆ. ಆಮೇಲೆ ಹೊಂದಿಕೊಂಡಿದೆ, ಇರಲಿ ಬಿಡು ಎನ್ನುತ್ತಾರೆ. ಆಮೇಲೆ ಅಲ್ಲೇ ಶಾಲೆಗೆ ಹಾಕುತ್ತಾರೆ. ನನ್ನ ತಮ್ಮ ಹುಟ್ಟಿದಾಗ ನನಗೆ ಎರಡು ವರ್ಷ. ಹಲಕುಂದಿಯ ಅಜ್ಜಿಯನ್ನು ನಾನು ಅವ್ವ ಎಂದು ಕರೆದೆ. ಹೆತ್ತವಳನ್ನು “ಸಿರುಗುಪ್ಪದಾಕಿ” ಎಂದೆ. ಒಂಬತ್ತು ವರ್ಷಕ್ಕೆ, ಅಜ್ಜಿ ಸತ್ತ ಮೇಲೆ, ಸಿರುಗುಪ್ಪಕ್ಕೆ ಬಂದೆ. ಆಗ ಹಾಗೆ ಕರೆಯಬಾರದು ಎಂದು ಗೊತ್ತಾಯಿತು. ಅವ್ವ ಎನ್ನಲು ನಾಲಿಗೆ ಏಳಲಿಲ್ಲ, ಆ ಹೆಸರಿನವಳು ಸತ್ತಿದ್ದಳು. ಹೀಗಾಗಿ ಏನೂ ಕರೆಯದೆ ಮಾತು ಶುರುಮಾಡುವುದನ್ನು ಕಲಿತೆ. ಎದುರಿಗೆ ಹೋಗಿ ನಿಂತು, ಅವಳು ನೋಡುವವರೆಗೆ ಕಾದು, “ಊಟಕ್ಕ ಹಾಕು” ಎನ್ನುತ್ತಿದ್ದೆ. ದೊಡ್ಡವಳಾದ ಮೇಲೂ ಅದೇ. ನಮ್ಮಿಬ್ಬರ ನಡುವೆ ಜಗಳವೇನೂ ಇರಲಿಲ್ಲ. ಅವಳು ನನಗೆ ಒಳ್ಳೆಯದನ್ನೇ ಮಾಡಿದ್ದಳು.

ನನ್ನ ತಾಯಿಗೆ ಆಸ್ಪತ್ರೆಗೆ ಬರಲಾಗಿರಲಿಲ್ಲ. ಅಪ್ಪ ಗಿರಣಿಯ ಮೆಟ್ಟಿಲಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಅದೂ ಅಲ್ಲದೆ ಮೊದಲ ಬಾಣಂತನ ತವರಿನಲ್ಲಾಗಿತ್ತು, ಎರಡನೆಯದು ಗಂಡನ ಮನೆಯಲ್ಲಿ ಎಂದು ನಮ್ಮೆರಡೂ ಮನೆಯವರು ಮಾತಾಡಿಕೊಂಡಿದ್ದರು.

ಹನ್ನೊಂದನೆಯ ದಿನ ಕಳಿಸಿಕೊಟ್ಟರು. ಹೊಲಿಗೆ ಬಿಚ್ಚಿದ್ದರು. ಡಾಕ್ಟರಮ್ಮ ಹೇಳಿದರು, “ಮೂರು ತಿಂಗಳು ಕೊಡ ಎತ್ತಂಗಿಲ್ಲ, ಬಕೀಟು ಎತ್ತಂಗಿಲ್ಲ. ದೊಡ್ಡ ಮಗಳು ಎಷ್ಟು ದಪ್ಪ ಅದಾಳ?”

“ಅರ್ಧ ಕೊಡದಷ್ಟು ತೂಕ ಅದಾಳ್ರಿ.”

“ಆಕಿನ್ನೂ ಎತ್ತಂಗಿಲ್ಲ.”

ಕುರುಗೋಡಿಗೆ ಬಾಡಿಗೆ ಕಾರಿನಲ್ಲಿ ಹೋದೆವು. ಕಾರಿನ ಸದ್ದಿಗೆ ಮನೆಯವರೆಲ್ಲ ಹೊರಗೆ ಬಂದರು. ಅತ್ತೆ ಆರತಿಯ ತಟ್ಟೆ ಹಿಡಿದು ನಿಂತಿದ್ದರು. ಕೂಸು ಇವರ ಕೈಯಲ್ಲಿತ್ತು. ನಾನು ಬಾಗಿಲ ಮೆಟ್ಟಿಲು ಹತ್ತಿ ನಿಂತಿದ್ದೇನೆ, ನೀಲಾ ಕಟ್ಟೆಯ ಮೇಲಿಂದ “ಎತ್ಕೋ” ಎಂದು ಕೂಗಿ ಹಾರಿಬಿಟ್ಟಳು. ಅವಳಿಗೇನು ಗೊತ್ತು? ಹನ್ನೆರಡು ದಿನ ತಡೆದುಕೊಂಡಿದ್ದಳು. ಅವಳ ಎರಡೂ ಮೊಣಕಾಲು ಬಂದು ಬಡಿದದ್ದು ಗಾಯದ ಮೇಲೆ. ಆರತಿ ತಟ್ಟೆ ಎಲ್ಲಿ ಹೋಯಿತೋ ಕಾಣೆ. ನಾನು ಅಲ್ಲೇ ಕುಸಿದು ಕುಳಿತೆ. ಸೀರೆಯ ಮೇಲೆ ಕೆಂಪು ಕಾಣಿಸಿಕೊಂಡಿತು.

ಊರಿನ ಡಾಕ್ಟರು ಬಂದು ನೋಡಿದರು. ಹೊಲಿಗೆಯ ಒಂದು ತುದಿ ಹೆಬ್ಬೆರಳಿನ ಉಗುರಿನಷ್ಟು ಬಿಟ್ಟುಕೊಂಡಿತ್ತು. ತೊಳೆದು ಪಟ್ಟಿ ಕಟ್ಟಿ, “ಇಷ್ಟಕ್ಕ ಉಳದೈತಿ. ಇನ್ನೊಂದು ಸಲ ಹಿಂಗಾತು ಅಂದ್ರ ಮತ್ತ ಬಳ್ಳಾರಿ, ಮತ್ತ ಹೊಲಿಗಿ. ಆ ಹುಡುಗಿನ್ನ ಹತ್ರ ಬಿಡಬ್ಯಾಡ್ರಿ” ಎಂದು ಹೇಳಿ ಹೋದರು.

ಹತ್ತಿರ ಬಿಡಬೇಡಿ ಎಂದು ಹೇಳುವುದು ಸುಲಭ. ಎರಡು ವರ್ಷದ ಹುಡುಗಿಯನ್ನು ಯಾರು ಎಷ್ಟು ಹೊತ್ತು ಹಿಡಿದಿಡುತ್ತಾರೆ? ಅತ್ತೆ ಎತ್ತಿಕೊಂಡರೆ ಒದ್ದು ಇಳಿದಳು. ಇವರು ಹೆಗಲ ಮೇಲೆ ಕೂರಿಸಿಕೊಂಡು ಕೆರೆಯ ಕಡೆ ಹೋದರೆ ದಾರಿಯುದ್ದಕ್ಕೂ ಅತ್ತು ಊರಿಗೆಲ್ಲ ಸುದ್ದಿ ಮಾಡಿದಳು. ಬಾಣಂತಿಯ ಕೋಣೆಯ ಬಾಗಿಲು ಹಾಕಿದರೆ ಹೊರಗೆ ಕೂತು ಹಣೆ ಚಚ್ಚಿಕೊಂಡಳು. ಮರುದಿನ ಮಧ್ಯಾಹ್ನ ಅತ್ತೆ ಒಳಗೆ ಬಂದರು. ಕೈಯಲ್ಲಿ ಬಟ್ಟಲು, ಅದರಲ್ಲಿ ಅರೆದ ಬೇವು.

“ಹಾಲು ಬಿಡಿಸಿದ ಔಷಧ ಐತಲ್ಲ. ಪಟ್ಟಿ ಮ್ಯಾಲಿನ ಬಟ್ಟಿಗೆ ಹಚ್ಚೋಣು, ಕೈಗೆ ಹಚ್ಚೋಣು. ತಾನ ದೂರ ಸರಿತಾಳ. ನಿನಗ ಮನಸಿಲ್ಲಂದ್ರ ಬ್ಯಾಡ” ಎಂದರು.

ಅತ್ತೆಯನ್ನು ದೂರಲು ಇದನ್ನು ಬರೆಯುತ್ತಿಲ್ಲ. ಅವರು ಕೇಳಿದರು, ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಮತ್ತೆ ಆ ಟೇಬಲ್ಲಿನ ಮೇಲೆ ಮಲಗುವುದು ನನಗೆ ಬೇಡವಾಗಿತ್ತು. “ಹಚ್ರಿ ಅತ್ತಿ” ಎಂದು ನಾನೇ ಎರಡೂ ಕೈ ಮುಂದೆ ಚಾಚಿದೆ. ಮೊಣಕೈವರೆಗೆ ಹಚ್ಚಿದರು. ಬಾಗಿಲು ತೆರೆದರು.

ನೀಲಾ ಓಡಿ ಬಂದು ನನ್ನ ಕೈ ಹಿಡಿದು ಮುಖಕ್ಕೆ ಒತ್ತಿಕೊಂಡಳು. ತುಟಿಗೆ ತಾಗಿತು. ನಿಂತಳು. ನಾಲಿಗೆ ಹೊರಗೆ ಹಾಕಿ ಅಂಗೈಯಿಂದ ಒರೆಸಿಕೊಂಡಳು. ಹೊಟ್ಟೆಯ ಬಟ್ಟೆಗೆ ಒಂದು ಬೆರಳು ಮುಟ್ಟಿಸಿ ಅದನ್ನೂ ನೆಕ್ಕಿ ನೋಡಿದಳು. ಈ ಸಲ ಅಳಲಿಲ್ಲ. “ಅವ್ವ ಕಹಿ” ಎಂದು ಅತ್ತೆಗೆ ಹೇಳಿ, ಹಿಂದಕ್ಕೆ ನಡೆದು ಹೊರಗೆ ಹೋದಳು.

ಔಷಧ ಚೆನ್ನಾಗಿ ಹತ್ತಿತು. ಬೇಕಾಗಿದ್ದಕ್ಕಿಂತ ಚೆನ್ನಾಗಿ.

ಬಾಣಂತಿಯ ದಿನಗಳು ಎಲ್ಲರಿಗೂ ಗೊತ್ತಿದ್ದವೇ. ಕತ್ತಲೆ ಕೋಣೆ, ಹೊರಸಿನ ಕೆಳಗೆ ಕೆಂಡ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಬೆಳ್ಳುಳ್ಳಿ, ಮೆಣಸಿನ ಸಾರು, ಅಂಟಿನ ಉಂಡೆ. ಹೊರಗೆ ಕುರುಗೋಡಿನ ಗುಡ್ಡಗಳು ಕಾದು ಬಿಸಿಗಾಳಿ ಬಿಡುವ ಕಾಲ, ಒಳಗೆ ಕೆಂಡ. ಗಾಯ ಇದ್ದದ್ದರಿಂದ ಹೊಟ್ಟೆ ಬಿಗಿದು ಕಟ್ಟುವುದು, ಕುದಿನೀರು ಹಾಕುವುದು ಬೇಡವೆಂದು ಅತ್ತೆ ತಾವೇ ತೀರ್ಮಾನಿಸಿದರು. ಅವರ ಓರಗೆಯವರು ಬಂದು, ಸೊಂಟ ಹೋಗುತ್ತದೆ, ಹೊಟ್ಟೆ ಬರುತ್ತದೆ ಎಂದು ಹೆದರಿಸಿದರೆ, “ನಮ್ಮ ಹೊಟ್ಟಿಗೆ ಡಾಕ್ಟ್ರು ಕೈ ಹಾಕಿದ್ದಿಲ್ಲವ್ವ. ಇದು ಬ್ಯಾರೆ” ಎಂದು ಬಾಯಿ ಮುಚ್ಚಿಸಿದರು. ಅಂಥ ಅತ್ತೆ ಸಿಗುವುದು ಪುಣ್ಯ. ಗುಟ್ಟಾಗಿ ಒಂದು ಲೋಟ ತಣ್ಣೀರೂ ಕೊಡುತ್ತಿದ್ದರು.

ಗಾಯ ಮಾಯುತ್ತಾ ಬಂತು. ನೀಲಾ ಬರಲಿಲ್ಲ. ಬೇವು ಹಚ್ಚಿದ್ದು ಐದು ದಿನ ಮಾತ್ರ, ಆಮೇಲೆ ನಿಲ್ಲಿಸಿದೆವು. ಅವಳು ಮತ್ತೆ ಮುಟ್ಟಿ ನೋಡಲೂ ಇಲ್ಲ. ಹೊಸ್ತಿಲ ಆಚೆ ನಿಂತು ಕೂಸನ್ನು ನೋಡುತ್ತಿದ್ದಳು. ನಾನು ಕರೆದರೆ ಹಿಂದೆ ಸರಿಯುತ್ತಿದ್ದಳು. ಬಿದ್ದು ಮೊಣಕಾಲು ಕೆತ್ತಿಕೊಂಡಾಗ ನನ್ನ ಬಾಗಿಲು ದಾಟಿ ಅಡುಗೆಮನೆಗೆ, ಅತ್ತೆಯ ಹತ್ತಿರ ಓಡಿದಳು. ಒಂದು ದಿನ ಅತ್ತೆ ಅವಳ ಕೈಯಲ್ಲಿ ಉಂಡೆ ಕೊಟ್ಟು, “ಹೋಗು, ಅವ್ವಗ ಕೊಡು” ಎಂದರು. ಹುಡುಗಿ ಉಂಡೆ ಹಿಡಿದು ಅತ್ತೆಗೇ ಕೊಟ್ಟಳು.

“ನನಗಲ್ಲವಾ. ಅವ್ವಗ, ಅಲ್ಲಿ ಕುಂತಾಳಲ್ಲ.”

ನೀಲಾ ನನ್ನ ಕಡೆ ನೋಡಿ ತಿದ್ದಿದಳು. “ಅದು ಕೂಸಿನ ಅವ್ವ.”

ಎಲ್ಲರೂ ನಕ್ಕರು. ಮನೆಯಲ್ಲಿ ಅದೇ ಹೆಸರಾಯಿತು. ನನ್ನ ಗಂಡ ಸಮಾಧಾನ ಮಾಡಲೆಂದು ನನ್ನ ಕೋಣೆಗೆ ಕಾಣುವ ಹಿತ್ತಲ ಗೋಡೆಯ ಮೇಲೆ ಇದ್ದಿಲಿನಿಂದ ನನ್ನ ಚಿತ್ರ ಬರೆದು, ಅದರ ಕಂಕುಳಲ್ಲಿ ನೀಲಾಳನ್ನು ಕೂರಿಸಿ, “ಇದು ಯಾರು ಹೇಳು?” ಎಂದು ಕೇಳಿದರು. “ಕೂಸಿನ ಅವ್ವ,” ಎಂದಳು. ಕಂಕುಳಲ್ಲಿದ್ದದ್ದು ಕೂಸು ಎಂದಳು. ಚಿತ್ರ ಚೆನ್ನಾಗಿತ್ತು ಎಂದು ನಾನು ಅವರಿಗೆ ಹೇಳಿದೆ. ಆಮೇಲೆ ಗೋಡೆ ಕಡೆ ತಿರುಗಿ ಮಲಗಿ ಅತ್ತುಬಿಟ್ಟೆ. ಹೊಟ್ಟೆ ಅಲುಗದಂತೆ ಅಳುವುದು ಕಷ್ಟ, ಹೊಲಿಗೆ ಹಿಡಿಯುತ್ತದೆ. ಕೈಯಿಂದ ಗಾಯ ಒತ್ತಿ ಹಿಡಿದುಕೊಂಡೇ ಅತ್ತು ಮುಗಿಸಿದೆ.

ಐದನೆಯ ವಾರಕ್ಕೆ ಅಪ್ಪನ ಕಾಲು ಸ್ವಲ್ಪ ಊರುವಂತಾಗಿ ನನ್ನ ತಾಯಿ ಸಿರುಗುಪ್ಪದಿಂದ ಬಂದಳು. ಕೂಸಿಗೆ ಕುಲಾಯಿ, ನನಗೆ ಸೀರೆ, ಒಂದು ಚೀಲ ಅಕ್ಕಿ. ಎರಡು ದಿನ ಎಲ್ಲವನ್ನೂ ನೋಡಿದಳು. ಮೂರನೆಯ ದಿನ ಊಟವಾದ ಮೇಲೆ ಎಲ್ಲರೂ ಇರುವಾಗ ಹೇಳಿದಳು:

“ನೀಲಾನ್ನ ನಾ ಕರ್ಕೊಂಡು ಹೋಗ್ತೀನಿ. ಇವಳ ರಜಾ ಮುಗೀಲಿ, ಮೈ ಗಟ್ಟಿ ಆಗ್ಲಿ. ಹೆಂಗೂ ಆಕಿ ಇವಳ ಹತ್ರ ಬರವಲ್ಲಳು. ಬೀಗ್ತಿಗೂ ಎಷ್ಟಂತ ಆಗ್ತೈತಿ?”

ಅತ್ತೆ ಯೋಚಿಸಿ, “ನೀವು ಹೇಳೋದೂ ಖರೆ ಐತ್ರಿ” ಎಂದರು. ನನ್ನ ಗಂಡ ಕೆಮ್ಮಿ, ಹೂಂ ಎಂದರು. ನೀಲಾ ಅಕ್ಕಿ ಚೀಲದ ಮೇಲೆ ಕುಳಿತು ಕಾಲಾಡಿಸುತ್ತಿದ್ದಳು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಎತ್ತುವಂತಿಲ್ಲ, ಅವಳು ಬರುವುದಿಲ್ಲ, ಎರಡು ತಿಂಗಳ ಮಾತು. ಎಲ್ಲ ಸರಿಯಾಗಿಯೇ ಇತ್ತು. ಬಾಣಂತನ ಮುಗಿಯುವವರೆಗೆ. ಹೊಂದಿಕೊಂಡಿದೆ, ಇರಲಿ ಬಿಡು. ಅಲ್ಲೇ ಶಾಲೆಗೆ ಹಾಕಿದರಾಯಿತು. ಆ ಲೈನು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು ಎಂದುಕೊಂಡೆ.

“ಬ್ಯಾಡ,” ಎಂದೆ.

“ಯಾಕ?”

“ನಾನೂ ಹಂಗ ಹೋದಾಕಿನ.”

ಅತ್ತೆ ತಟ್ಟೆಗಳನ್ನು ಎತ್ತಿಕೊಂಡು ಎದ್ದರು. ಇವರೂ ಎದ್ದರು. ನನ್ನ ತಾಯಿ ಮೊರ ಎಳೆದುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸತೊಡಗಿದಳು. ಸಿಟ್ಟು ಬಂದಿದೆ ಎಂದುಕೊಂಡೆ. ಬಹಳ ಹೊತ್ತಾದ ಮೇಲೆ, ಮೊರದಿಂದ ಕಣ್ಣೆತ್ತದೆ ಮಾತಾಡಿದಳು.

“ತಿಂಗಳಿಗೊಮ್ಮೆ ಹಲಕುಂದಿಗೆ ಬರ್ತಿದ್ದೆ ನಾನು. ಬೆಂಡು ಬತ್ತಾಸು ತರ್ತಿದ್ದೆ. ನೆನಪೈತೇನು?”

“ಐತಿ.”

“ಇಸಗೊಂಡು ಅಜ್ಜಿ ಸೆರಗಿನಾಗ ಹೊಕ್ಕೊಂತಿದ್ದಿ. ನಾ ಕರೀತಿದ್ದೆ. ಕರದಷ್ಟೂ ಒಳಗ ಹೋಗ್ತಿದ್ದಿ. ಬಸ್ಸಿಗೆ ಹೊತ್ತಾತು ಅಂತ ನಾ ಎದ್ದು ಬರ್ತಿದ್ದೆ. ಖರೇ ಹೇಳಬೇಕಂದ್ರ ಬಸ್ಸಿಗೆ ಹೊತ್ತು ಆಗಿರ್ತಿದ್ದಿಲ್ಲ. ನನಗ ಕುಂದ್ರಾಕ ಆಗ್ತಿದ್ದಿಲ್ಲ.” ಒಂದು ಕಲ್ಲು ಆರಿಸಿ ಎಸೆದಳು. “ಒಂದಿನ ಬಾಯಿ ಮುಚ್ಕೊಂಡು ಇನ್ನೊಂದು ತಾಸು ಕುಂತಿದ್ರ ಬರ್ತಿದ್ದೇನೋ ನೀನು. ಕುಂದರ್ಲಿಲ್ಲ ನಾನು.”

ಆಮೇಲೆ ನನ್ನ ಕಡೆ ನೋಡಿ, “ಆಕಿನ್ನ ಕರಿಬ್ಯಾಡ. ಆಸೆ ಹಚ್ಚಬ್ಯಾಡ. ಕೋಣಿ ಬಿಟ್ಟು ಹೊರಗ ಬಂದು ನೆಲದ ಮ್ಯಾಲ ಕುಂದರು. ಬರೋತನ ಕುಂದರು” ಎಂದಳು.

ಬಾಣಂತಿ ಆರು ವಾರ ತುಂಬದೆ ಪಡಸಾಲೆಗೆ ಬಂದು ಕೂರುವುದು ಅತ್ತೆಗೆ ಇಷ್ಟವಾಗಲಿಲ್ಲ. ಕಿವಿಗೆ ಬಟ್ಟೆ ಬಿಗಿದು ಕಟ್ಟಿಕೊಳ್ಳುತ್ತೇನೆ ಎಂಬ ಕರಾರಿನ ಮೇಲೆ ಒಪ್ಪಿದರು. ಗೋಡೆಗೆ ಒರಗಿ ಚಾಪೆಯ ಮೇಲೆ ಕುಳಿತೆ, ತೊಡೆಯ ಮೇಲೆ ಕೂಸು. ಎದುರಿಗೆ ನನ್ನ ತಾಯಿ, ಅವಳ ಮುಂದೆ ಮೊರ. ಆ ಒಂದು ಚೀಲ ಅಕ್ಕಿಯಲ್ಲಿ ಅಷ್ಟು ಕಲ್ಲು ಇರಲು ಸಾಧ್ಯವಿಲ್ಲ, ಆರಿಸಿದ್ದನ್ನೇ ಆರಿಸಿದಳು. ಮೊದಲ ದಿನ ನೀಲಾ ಬಾಗಿಲ ಮರೆಯಿಂದ ನೋಡಿದಳು. ಎರಡನೆಯ ದಿನ ಪಡಸಾಲೆಯ ಆ ತುದಿಯಲ್ಲಿ ಕುಳಿತು ಹುಣಸೆ ಬೀಜ ಆಡಿದಳು. ಮೂರನೆಯ ದಿನ ಒಂದು ಬೀಜ ನನ್ನ ಕಾಲ ಹತ್ತಿರ ಉರುಳಿ ಬಂತು. ತೆಗೆದುಕೊಳ್ಳಲು ಬಂದವಳು ಬೀಜ ಬಿಟ್ಟು ಓಡಿಹೋದಳು. ನನ್ನ ಬಾಯಿಗೆ ಅವಳ ಹೆಸರು ಬಂದಿತ್ತು. ನನ್ನ ತಾಯಿ ಮೊರದ ಮೇಲಿಂದ ಕಣ್ಣು ಬಿಟ್ಟಳು, ನುಂಗಿಕೊಂಡೆ.

ನಾಲ್ಕನೆಯ ದಿನ ಮಧ್ಯಾಹ್ನ ಸೆಕೆ, ಗಾಳಿಯೇ ಇರಲಿಲ್ಲ. ಕಿವಿಗೆ ಕಟ್ಟಿದ ಬಟ್ಟೆಯ ಕೆಳಗಿನಿಂದ ಬೆವರು ಕೆನ್ನೆಗೆ ಇಳಿಯುತ್ತಿತ್ತು. ನೀಲಾ ಬಂದು ಒಂದು ಮೊಳ ದೂರದಲ್ಲಿ ನಿಂತಳು. ನಾನು ಕೂಸಿನ ಕಡೆ ನೋಡುತ್ತಾ ಕುಳಿತೆ. ಬೆರಳು ಚಾಚಿ ನನ್ನ ಹೊಟ್ಟೆಯ ಮೇಲಿನ ಸೀರೆ ಮುಟ್ಟಿ ನೆಕ್ಕಿದಳು. ಕಾದಳು. ಮೊಣಕೈ ಮುಟ್ಟಿ ನೆಕ್ಕಿದಳು. ಕೊನೆಗೆ ಹತ್ತಿರ ಬಂದು ಕೆನ್ನೆ ಮುಟ್ಟಿ ಬೆರಳನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಯೋಚಿಸಿದಳು.

“ಉಪ್ಪು,” ಎಂದಳು.

ಮೊರದ ಸದ್ದು ನಿಂತಿತ್ತು. ನೀಲಾ ನನ್ನ ತೊಡೆಯನ್ನೂ ಅದರ ಮೇಲಿದ್ದ ಕೂಸನ್ನೂ ನೋಡಿ, ಮನೆಯ ಯಜಮಾನಿಯ ಗತ್ತಿನಲ್ಲಿ ಹೇಳಿದಳು:

“ಅವ್ವಾ, ಕೂಸಿನ್ನ ಕೆಳಗ ಇಡು.”

ಇಟ್ಟೆ. ಇಡುವುದೇನು, ನನ್ನ ತಾಯಿ ಎದ್ದು ಬಂದು ಕಸಿದುಕೊಂಡಳು. ಎತ್ತುವಂತಿರಲಿಲ್ಲ, ಆದ್ದರಿಂದ ಎತ್ತಲಿಲ್ಲ. ಕಾಲು ಚಾಚಿದೆ, ಅವಳೇ ಹತ್ತಿ ಕುಳಿತಳು. ಅರ್ಧ ಕೊಡದ ತೂಕ ಎಂದು ನಾನು ಡಾಕ್ಟರಮ್ಮನಿಗೆ ಹೇಳಿದ್ದೆ. ಅದಕ್ಕಿಂತ ಹೆಚ್ಚಿದ್ದಳು.

ಬೆಂಚಿನ ಮೇಲೆ ಸಿಕ್ಕ ಆ ಬಸುರಿಗೆ ಹೇಳಬೇಕಾಗಿದ್ದ ಮಾತು ಇಷ್ಟೇ. ಮಗುವಿಗೆ ಏನೂ ಸುಳ್ಳು ಹೇಳಬೇಡ, ನನ್ನ ಹೊಟ್ಟೆಗೆ ಗಾಯ ಆಗಿದೆ ಎಂದು ತೋರಿಸು. ಹೆದರಿಸಿ ದೂರ ಮಾಡಿದ್ದರೆ ಮತ್ತೆ ಬರುವವರೆಗೆ ಕುಳಿತಿರು. ಹೊಲಿಗೆ ತಾನಾಗಿ ಮಾಯುತ್ತದೆ, ಇದು ತಾನಾಗಿ ಮಾಯುವುದಿಲ್ಲ.

ಎರಡು ದಿನ ಬಿಟ್ಟು ನನ್ನ ತಾಯಿ ಊರಿಗೆ ಹೊರಟಳು. ಕೈಯಲ್ಲಿ ಅಕ್ಕಿ ತಂದಿದ್ದ ಖಾಲಿ ಚೀಲ, ಮಡಿಸಿ ಹಿಡಿದಿದ್ದಳು, ಇನ್ನೊಂದು ಕೈಯಲ್ಲಿ ಬಟ್ಟೆಯ ಚೀಲ. ಅತ್ತೆ ಅವಳಿಗೆ ಕುಂಕುಮ ಹಚ್ಚಿದರು. ಬಸ್ಸಿಗೆ ಹೊತ್ತಾಯಿತು ಎಂದು ಇಳಿದು ಓಣಿಯಲ್ಲಿ ನಡೆದಳು. ನಾನು ಹೊಸ್ತಿಲಲ್ಲಿ ನಿಂತಿದ್ದೆ, ನೀಲಾ ನನ್ನ ಸೀರೆ ಹಿಡಿದುಕೊಂಡಿದ್ದಳು.

“ಅವ್ವಾ,” ಎಂದು ಕರೆದೆ.

ಓಣಿಯಲ್ಲಿ ಇಬ್ಬರು ಹೆಂಗಸರು ತಿರುಗಿ ನೋಡಿದರು. ಅವಳು ತಿರುಗಲಿಲ್ಲ, ನಡೆಯುತ್ತಲೇ ಇದ್ದಳು. ತನ್ನನ್ನು ಕರೆದದ್ದು ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ಗಾಯದ ಮೇಲೆ ಕೈ ಒತ್ತಿಟ್ಟುಕೊಂಡು ಇನ್ನೊಂದು ಸಲ, ಜೋರಾಗಿ ಕರೆದೆ.

ಈ ಸಲ ಅವಳು ನಿಂತು, ಎರಡೂ ಚೀಲ ಕೆಳಗಿಟ್ಟಳು.